ಮೈಲಾರನ ಜಾಡು ಹಿಡಿದು ಜೇಜುರಿ ಹತ್ತಿದ ಜರ್ಮನ್ ಪಂಡಿತ

ಹೋದ ದೀಪಾವಳಿ ಮುಗಿಸಿಕೊಂಡು ಅವ್ವ ರಾಣೆಬೆನ್ನೂರಿನಿಂದ ಪುಣೆಗೆ ಬಂದಳು. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಅರಿಶಿನ ಬಟ್ಟೆಯಲ್ಲಿ ಗಂಟು ಹಾಕಿದ ಒಂದು ನಾಣ್ಯ. ಅದು ಮುಡಿಪು. ನನ್ನ ಮಗ ದಿನ ತುಂಬುವ ಮೊದಲೇ ಹುಟ್ಟಿ ಹದಿನೆಂಟು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗಿದ್ದ. ಆಗ ಅವ್ವ ದೇವರಗುಡ್ಡಕ್ಕೆ ಹೋಗಿ ಮಾಲತೇಶನ ಮುಂದೆ ನಿಂತು ಹರಕೆ ಹೊತ್ತಿದ್ದಳು. ಕೂಸು ಉಳಿದರೆ ಅದರ ಜವಳ ನಿನ್ನ ಪಾದದಲ್ಲಿ ತೆಗೆಸುತ್ತೇನೆ, ಭಂಡಾರ ಹಾರಿಸುತ್ತೇನೆ ಅಂತ. ಕೂಸು ಉಳಿಯಿತು. ಈಗ ಮನೆಯೆಲ್ಲಾ ಓಡಾಡುತ್ತಾನೆ, ತಲೆಗೂದಲು ಕಣ್ಣಿಗೆ ಬೀಳುವಷ್ಟು ಬೆಳೆದಿದೆ. ಆದರೆ ಅವ್ವನ ಮೊಣಕಾಲಿನ ಆಪರೇಷನ್ ಆಗಿದೆ, ಇನ್ನು ಕೆಲವು ತಿಂಗಳು ದೂರದ ಪ್ರಯಾಣ ಬೇಡ ಅಂತ ಡಾಕ್ಟರು ಹೇಳಿದ್ದಾರೆ.

ನಾನು ಸುಲಭದ ದಾರಿ ಹೇಳಿದೆ. ಪುಣೆಯಿಂದ ಐವತ್ತು ಕಿಲೋಮೀಟರ್ ಆಚೆ, ದಿವೆ ಘಾಟ್ ಹತ್ತಿ ಸಾಸವಡ ದಾಟಿದರೆ ಜೇಜುರಿ. ಅಲ್ಲಿನ ಖಂಡೋಬಾ ಅಂದರೆ ನಮ್ಮ ಮೈಲಾರಲಿಂಗನೇ, ಮಾಲತೇಶನೇ. ಜವಳ ಅಲ್ಲೇ ತೆಗೆಸೋಣ ಅಂದೆ. ಅವ್ವ ಒಂದೇ ಪ್ರಶ್ನೆ ಕೇಳಿದಳು. ಅದು ಅದೇ ದೇವರು ಅಂತ ನಿನಗೆ ಯಾರು ಹೇಳಿದರು?

ನಿಮಗೆ ನಗು ಬರಬಹುದು, ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ನನಗೆ ಸಂಬಳ. ಎಂ.ಟೆಕ್ ಮುಗಿಸಿದಾಗಿನಿಂದ ನಾನು ಮಾಡುತ್ತಿರುವ ಕೆಲಸಕ್ಕೆ ನಮ್ಮ ಭಾಷೆಯಲ್ಲಿ ಆಂಟಾಲಜಿ ಮ್ಯಾಚಿಂಗ್ ಅನ್ನುತ್ತಾರೆ. ಆಂಟಾಲಜಿ ಅಂದರೆ ಒಂದು ಕ್ಷೇತ್ರದ ವಸ್ತುಗಳು, ಅವುಗಳ ಹೆಸರು, ಯಾವುದು ಯಾವುದರ ಬಗೆ, ಯಾವುದು ಯಾವುದರ ಭಾಗ ಎಂಬ ಸಂಬಂಧ, ಇವೆಲ್ಲವನ್ನೂ ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆದಿಟ್ಟ ಪಟ್ಟಿ. ಇಬ್ಬರು ಬೇರೆಬೇರೆ ಪಟ್ಟಿ ಮಾಡಿರುತ್ತಾರೆ. ಈ ಪಟ್ಟಿಯ ಯಾವ ಪದ ಆ ಪಟ್ಟಿಯ ಯಾವ ಪದಕ್ಕೆ ಸಮ ಎಂದು ಹೊಂದಿಸುವುದು ನಮ್ಮ ಕೆಲಸ.

ಅಕ್ಷರ ಹೋಲಿಸಿದರೆ ಸಾಲದು. ನಮ್ಮ ಕಡೆ ಮುಳಗಾಯಿ, ಬೆಂಗಳೂರಲ್ಲಿ ಬದನೆಕಾಯಿ, ಇಲ್ಲಿ ಪುಣೆಯಲ್ಲಿ ವಾಂಗಿ. ಮೂರರಲ್ಲಿ ಹೊಂದುವ ಅಕ್ಷರ ಹುಡುಕಿದರೆ ಏನೂ ಸಿಗದು. ಆದರೆ ವಾಂಗಿಬಾತ್ ತಿಂದವನಿಗೆ ವಾಂಗಿ ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಎರಡೂ ಪಟ್ಟಿಗಳಲ್ಲಿ ಇಲ್ಲದ ಮೂರನೆಯ ತಿಳಿವಳಿಕೆಯೊಂದು ನಡುವೆ ಸೇತುವೆಯಾಯಿತು. ನಮ್ಮ ಪ್ರೋಗ್ರಾಮುಗಳೂ ಇದನ್ನೇ ಮಾಡುತ್ತವೆ. ಇಂಗ್ಲಿಷಿಗೆ ವರ್ಡ್‌ನೆಟ್, ವೈದ್ಯಕೀಯಕ್ಕೆ ಯುಎಂಎಲ್ಎಸ್, ಎಲ್ಲಕ್ಕೂ ವಿಕಿಡೇಟಾ, ಹೀಗೆ ಹೊರಗಿನ ಜ್ಞಾನಭಂಡಾರಗಳನ್ನು ಸಾಕ್ಷಿಗೆ ಕರೆಯುತ್ತವೆ. ಸಾಕ್ಷಿ ಒಳ್ಳೆಯದಿದ್ದರೆ ಹೊಂದಾಣಿಕೆ ಒಳ್ಳೆಯದು. ಸಾಕ್ಷಿಯೇ ಅವಸರದ್ದಾದರೆ ಎಡವಟ್ಟು. ಎರಡು ವರ್ಷದ ಹಿಂದೆ ನಾನೇ ಬರೆದ ಪ್ರೋಗ್ರಾಮ್ ಎರಡು ಔಷಧಗಳ ಹೆಸರು ಹತ್ತಿರಹತ್ತಿರ ಇವೆ ಎಂಬ ಒಂದೇ ಕಾರಣಕ್ಕೆ ಎರಡನ್ನೂ ಒಂದೇ ಎಂದು ಬರೆದಿತ್ತು. ಪರೀಕ್ಷೆಯ ಹಂತದಲ್ಲೇ ಸಿಕ್ಕಿಬಿದ್ದಿದ್ದರಿಂದ ಬದುಕಿಕೊಂಡೆ. ಆಮೇಲೆ ಒಂದು ವಾರ ನಿದ್ದೆ ಸರಿಯಾಗಿ ಬರಲಿಲ್ಲ.

ಹಾಗಾಗಿ ಅವ್ವನಿಗೆ ಬಾಯಿಗೆ ಬಂದ ಉತ್ತರ ಕೊಡಲು ಮನಸ್ಸಾಗಲಿಲ್ಲ. ಆಫೀಸಿನಲ್ಲಿ ಧನಗರ ಸಮಾಜದ ಮರಾಠಿ ಗೆಳೆಯನೊಬ್ಬನ ಹತ್ತಿರ ವಿಷಯ ತೆಗೆದೆ. ಅವನು ಹೇಳಿದ ಹೆಸರು ಗುಂಥರ್ ಸೊಂಥೈಮರ್. ಖಂಡೋಬಾ, ಮೈಲಾರ, ಮಲ್ಲಣ್ಣ ಈ ಮೂವರನ್ನೂ ಒಟ್ಟಿಗೆ ಇಟ್ಟು ನೋಡಿದ ವಿದ್ವಾಂಸ. ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು. ಮಹಾರಾಷ್ಟ್ರದಲ್ಲಿ ಜಾನಪದ ಓದುವವರಿಗೆಲ್ಲ ಗೊತ್ತಿರುವ ಈ ಹೆಸರು ನಮ್ಮಲ್ಲಿ ಸಂಶೋಧಕರ ವಲಯ ದಾಟಿ ಬಂದದ್ದು ಕಡಿಮೆ. ಅವರ ಬದುಕನ್ನು ನಾನು ಓದಿ ತಿಳಿದಷ್ಟು ನಿಮಗೂ ಹೇಳುತ್ತೇನೆ.

ಗುಂಥರ್-ಡೀಟ್ಸ್ ಸೊಂಥೈಮರ್ ಹುಟ್ಟಿದ್ದು 1934ರಲ್ಲಿ, ಜರ್ಮನಿಯಲ್ಲಿ. ದೇವರು, ಜಾತ್ರೆ, ಕುರಿಗಾರರು ಇವೆಲ್ಲ ಅವರ ಮೊದಲ ವಿಷಯವಲ್ಲ. ಅವರು ಕಾನೂನಿನ ವಿದ್ಯಾರ್ಥಿ. ಲಂಡನ್ನಿನಲ್ಲಿ ಹಿಂದೂ ಕಾನೂನಿನ ದೊಡ್ಡ ಪಂಡಿತ ಡಂಕನ್ ಡೆರೆಟ್ ಅವರ ಬಳಿ ಸಂಶೋಧನೆ ಮಾಡಿದರು. ಅವಿಭಕ್ತ ಹಿಂದೂ ಕುಟುಂಬ ಎಂಬ ಕಾನೂನಿನ ಕಲ್ಪನೆ ಹೇಗೆ ಬೆಳೆದು ಬಂತು ಎನ್ನುವುದು ಅವರ ವಿಷಯ. ಅದು 1977ರಲ್ಲಿ ಪುಸ್ತಕವಾಗಿಯೂ ಬಂತು. ಸಂಸ್ಕೃತದ ಧರ್ಮಶಾಸ್ತ್ರ ಓದಿದವರಿಗೆ ಒಂದು ವಿಷಯ ಬೇಗ ಕಣ್ಣಿಗೆ ಬೀಳುತ್ತದೆ. ಶಾಸ್ತ್ರದಲ್ಲಿ ಬರೆದದ್ದು ಒಂದು, ಊರಿನ ಆಚಾರ ಇನ್ನೊಂದು. ಶಾಸ್ತ್ರಕಾರರೇ ದೇಶಾಚಾರಕ್ಕೆ ಜಾಗ ಬಿಟ್ಟುಕೊಟ್ಟಿದ್ದಾರೆ. ಆದರೆ ಆ ಆಚಾರ ಪುಸ್ತಕದಲ್ಲಿ ಸಿಗದು, ಜನರ ಬಾಯಲ್ಲೇ ಕೇಳಬೇಕು. ಪುಸ್ತಕದಿಂದ ಜನರ ಕಡೆಗೆ ಅವರು ತಿರುಗಿದ್ದಕ್ಕೆ ಇದೇ ಮೂಲ ಇರಬೇಕು ಅಂತ ನನ್ನ ಊಹೆ.

ಮುಂದೆ ಅವರು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಸಂಬಳ ಅಲ್ಲಿ, ಮನಸ್ಸು ಇಲ್ಲಿ. ಮರಾಠಿ ಕಲಿತು ಪುಣೆ, ಪುರಂದರ, ಸಾತಾರಾ ಕಡೆಯ ಬಯಲಿನಲ್ಲಿ ಕುರಿ ಮೇಯಿಸುವ ಧನಗರರ ಜೊತೆ ಓಡಾಡತೊಡಗಿದರು. ಧನಗರರು ಮೇವು ನೀರು ಹುಡುಕಿಕೊಂಡು ಕುರಿ, ಕುದುರೆ, ನಾಯಿ, ಹೆಂಡತಿ ಮಕ್ಕಳ ಸಮೇತ ಊರೂರು ಅಲೆಯುವವರು. ರಾತ್ರಿ ಬೀಡಾರದಲ್ಲಿ ಅವರು ಓವಿ ಹೇಳುತ್ತಾರೆ. ಸ್ವಲ್ಪ ಹಾಡು, ಸ್ವಲ್ಪ ಕಥೆ, ಮತ್ತೆ ಹಾಡು, ಹೀಗೆ ಅವರ ದೇವರ ಹುಟ್ಟು, ಅಲೆದಾಟ, ಜಗಳ, ಮದುವೆ ಎಲ್ಲವೂ ಅದರಲ್ಲಿ ಬರುತ್ತವೆ. ಸೊಂಥೈಮರ್ ಟೇಪ್ ರೆಕಾರ್ಡರ್ ಹಿಡಿದು ಇವನ್ನು ದಾಖಲಿಸಿದರು.

ಆ ಕೆಲಸದ ಫಲವಾಗಿ 1976ರಲ್ಲಿ ಬೀರೋಬಾ, ಮ್ಹಸ್ಕೋಬಾ, ಖಂಡೋಬಾ ಎಂಬ ಮೂರು ದೇವರ ಮೇಲೆ ಅವರ ಜರ್ಮನ್ ಪುಸ್ತಕ ಬಂತು. ಅಮೆರಿಕದ ವಿದುಷಿ ಆನ್ ಫೆಲ್ಡ್‌ಹೌಸ್ ಅದನ್ನು ಇಂಗ್ಲಿಷಿಗೆ ತಂದರು. 1989ರಲ್ಲಿ ಪ್ರಕಟವಾದ ಆ ಅನುವಾದವನ್ನೇ ನಾನು ಓದಿದ್ದು. ಕನ್ನಡಿಗನೊಬ್ಬ ಅದನ್ನು ಓದುವಾಗ ಪುಟಪುಟಕ್ಕೂ ಬೆಚ್ಚಿಬೀಳುತ್ತಾನೆ. ಮಹಾರಾಷ್ಟ್ರದ ದೇವರ ಪುಸ್ತಕ ಅಂತ ತೆರೆದರೆ ಒಳಗೆಲ್ಲ ನಮ್ಮ ಊರಿನ ವಾಸನೆ. ಬೀರೋಬಾ ಅಂದರೆ ನಮ್ಮ ಕುರುಬರ ಬೀರಪ್ಪ. ಬೀರಪ್ಪನ ಕಥೆಯಲ್ಲಿ ಬರುವ ಮಾಯವ್ವ ಧನಗರರ ಓವಿಯಲ್ಲೂ ಇದ್ದಾಳೆ. ಅವಳ ಗುಡಿ ಇರುವುದು ನಮ್ಮ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ, ಜಾತ್ರೆಗೆ ಲಗ್ಗೆಯಿಡುವವರಲ್ಲಿ ಮಹಾರಾಷ್ಟ್ರದವರು ಬಹಳ. ಅಲೆಮಾರಿ ಕುರಿಗಾರರ ಜೊತೆ ಅವರ ದೇವರೂ ಈ ಒಣ ಪ್ರಸ್ಥಭೂಮಿಯ ಉದ್ದಕ್ಕೂ ನಡೆದುಬಂದಿದ್ದಾರೆ ಎನ್ನುವುದು ಅವರ ಅಧ್ಯಯನದ ತಿರುಳು. ಕುರಿಗಾರನಿಗೆ ಬೇಕಾದದ್ದು ಮಳೆ ಕಡಿಮೆ ಬೀಳುವ, ಹುಲ್ಲು ಸಿಗುವ ಬಯಲು. ಆ ಬಯಲಿಗೆ ರಾಜ್ಯದ ಗಡಿ ಗೊತ್ತಿಲ್ಲ.

ಇನ್ನು ಖಂಡೋಬಾ ವಿಷಯ. ಇಲ್ಲಿ ನನ್ನ ಕೆಲಸದವನ ಕಣ್ಣಿನಿಂದ ನೋಡಿ. ಮಹಾರಾಷ್ಟ್ರದಲ್ಲಿ ಖಂಡೋಬಾ, ಕರ್ನಾಟಕದಲ್ಲಿ ಮೈಲಾರ, ತೆಲುಗು ನಾಡಿನಲ್ಲಿ ಮಲ್ಲಣ್ಣ. ಮೂರು ಹೆಸರುಗಳ ಅಕ್ಷರ ಹೋಲಿಸಿದರೆ ಖಂಡೋಬಾ ಹೊರಗೇ ಉಳಿಯುತ್ತಾನೆ. ಹೆಸರು ಬಿಟ್ಟು ಸಂಬಂಧಗಳನ್ನು ನೋಡಿ. ಖಂಡೋಬಾನಿಗೆ ಇಬ್ಬರು ಹೆಂಡಂದಿರು. ಮ್ಹಾಳಸಾ ಲಿಂಗಾಯತ ವಾಣಿಗರ ಮಗಳು, ಬಾಣಾಯಿ ಧನಗರರ ಮಗಳು. ತೆಲುಗಿನ ಕೊಮುರವೆಲ್ಲಿ ಮಲ್ಲಣ್ಣನಿಗೂ ಇಬ್ಬರು. ಮೇಡಲಮ್ಮ ವ್ಯಾಪಾರಿಗಳಾದ ಬಲಿಜರ ಹುಡುಗಿ, ಕೇತಮ್ಮ ಕುರಿ ಕಾಯುವ ಗೊಲ್ಲರ ಹುಡುಗಿ. ನಮ್ಮ ಮೈಲಾರನಿಗೆ ಗಂಗಿಮಾಳವ್ವ, ಜೊತೆಗೆ ಕುರುಬತೆವ್ವ. ಎರಡನೆಯವಳ ಕುಲ ಹೆಸರಿನಲ್ಲೇ ಇದೆ. ಅಂಗಡಿಯವರ ಮನೆಯಿಂದೊಬ್ಬಳು, ಹಟ್ಟಿಯಿಂದೊಬ್ಬಳು. ಹೆಸರು ಬೇರೆ, ಮನೆಯ ನಕ್ಷೆ ಒಂದೇ.

ಭಕ್ತರನ್ನು ನೋಡಿ. ಅಲ್ಲಿ ವಾಘ್ಯಾ, ಇಲ್ಲಿ ಗೊರವಯ್ಯ. ಇಬ್ಬರೂ ತಮ್ಮನ್ನು ದೇವರ ನಾಯಿ ಎಂದುಕೊಳ್ಳುವವರು. ವಾಘ್ಯಾನ ಕೈಯಲ್ಲಿ ಕೊಟಂಬಾ ಎಂಬ ಬಟ್ಟಲು, ಗೊರವನ ಮುಂದೆ ದೋಣಿ. ಅಲ್ಲೂ ಕಬ್ಬಿಣದ ಸರಪಳಿ ಹರಿಯುವ ಸೇವೆ, ಮೈಲಾರದಲ್ಲೂ ಸರಪಳಿ ಪವಾಡ. ಅಲ್ಲಿ ಭಂಡಾರ, ಇಲ್ಲೂ ಭಂಡಾರ, ಅದೇ ಅರಿಶಿನ, ಅದೇ ಪದ. ಜೇಜುರಿಯ ಬೆಟ್ಟದಲ್ಲಿ ಕೇಳಿಬರುವ ಯೆಳಕೋಟ ಎಂಬ ಜಯಘೋಷದ ಅರ್ಥ ಮರಾಠಿಯೊಳಗೇ ಹುಡುಕಿದರೆ ಕಷ್ಟ. ಕನ್ನಡ ಬಲ್ಲವನಿಗೆ ಅದು ಏಳುಕೋಟಿ. ಮೈಲಾರನ ದಂಡು ಏಳು ಕೋಟಿಯದು ಎಂದು ನಮ್ಮ ಅಜ್ಜಿಯರು ಕಥೆ ಹೇಳುತ್ತಿದ್ದರು. ಬೀಗ ಆ ಮನೆಯಲ್ಲಿ, ಕೀಲಿ ಈ ಮನೆಯಲ್ಲಿ.

ಸೊಂಥೈಮರ್ ಸಾಕ್ಷಿಗಳನ್ನು ಒಂದೇ ಕಡೆಯಿಂದ ತರಲಿಲ್ಲ. ಖಂಡೋಬಾನ ಸಂಸ್ಕೃತ ಸ್ಥಳಪುರಾಣ ಮಲ್ಲಾರಿ ಮಾಹಾತ್ಮ್ಯವನ್ನು ಓದಿದರು. ಕಾಕತೀಯರ ಓರುಗಲ್ಲಿನಲ್ಲಿ ಮೈಲಾರನ ಭಕ್ತರ ಉಗ್ರ ಸೇವೆಗಳನ್ನು ವರ್ಣಿಸುವ ತೆಲುಗಿನ ಕ್ರೀಡಾಭಿರಾಮಮು ನೋಡಿದರು. ಕರ್ನಾಟಕದ ಮೈಲಾರದ ಬಗ್ಗೆ ಬರೆದರು. ವಿಜಯನಗರ ಕಾಲದಲ್ಲಿ ಮಲ್ಲಣ್ಣ, ಮೈಲಾರ ಜನದೈವಗಳಾಗಿ ಹೇಗಿದ್ದರು ಎಂದೂ ಪ್ರಬಂಧ ಬರೆದರು. ಆದರೆ ಇವೆಲ್ಲದರ ಕೆಳಗೆ ಅವರು ನೆಚ್ಚಿಕೊಂಡದ್ದು ಕುರಿಗಾರರ ಬಾಯಿಮಾತನ್ನು. ಪುರಾಣ ಪುಸ್ತಕದಲ್ಲಿ ಬಾಣಾಯಿಗೆ ಜಾಗ ಸಿಗುವುದು ಕಷ್ಟ. ಓವಿಯಲ್ಲಿ ಅವಳೇ ರಾಣಿ, ದೇವರೇ ಅವಳ ಮನೆಯ ಕುರಿ ಕಾಯಲು ಆಳಾಗಿ ನಿಲ್ಲುತ್ತಾನೆ. ಪುಸ್ತಕವನ್ನು ಮಾತ್ರ ಹೊರಗಿನ ಜ್ಞಾನ ಅಂತ ನಂಬಿದ್ದರೆ ಮೂರು ಪಟ್ಟಿಗಳ ಎರಡನೆಯ ಹೆಂಡತಿಯರು ಒಬ್ಬರಿಗೊಬ್ಬರು ಸಿಗುತ್ತಲೇ ಇರಲಿಲ್ಲ.

ಧಾರವಾಡದ ಜೊತೆಗೂ ಅವರ ನಂಟಿತ್ತು. ಇತಿಹಾಸಕಾರ ಷ. ಶೆಟ್ಟರ್ ಅವರೊಂದಿಗೆ ಸೇರಿ ಸ್ಮಾರಕ ಶಿಲೆಗಳ ಮೇಲೆ ಒಂದು ದೊಡ್ಡ ಇಂಗ್ಲಿಷ್ ಗ್ರಂಥ ಸಂಪಾದಿಸಿದರು. 1982ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಭಾರತೀಯ ಕಲಾ ಇತಿಹಾಸ ಸಂಸ್ಥೆಯೂ ಹೈಡೆಲ್‌ಬರ್ಗಿನ ಸಂಸ್ಥೆಯೂ ಕೂಡಿ ಅದನ್ನು ಹೊರತಂದವು. ನಮ್ಮೂರ ಹೊರಗೆ ಬೇವಿನ ಮರದ ಕೆಳಗೆ ಅನಾಥವಾಗಿ ನಿಂತ ವೀರಗಲ್ಲು, ಮಾಸ್ತಿಗಲ್ಲುಗಳು ಅದರ ವಿಷಯ. ದನ ಕುರಿ ಕಾಯುತ್ತ ಕಳ್ಳರೊಡನೆ ಹೋರಾಡಿ ಸತ್ತವನು ಮೊದಲು ಕಲ್ಲಾಗುತ್ತಾನೆ, ಆ ಕಲ್ಲಿಗೆ ಎಣ್ಣೆ ಬೀಳುತ್ತದೆ, ಕಾಲ ಕಳೆದಂತೆ ಕೆಲವು ಕಡೆ ಅವನೇ ದೇವರಾಗುತ್ತಾನೆ. ಸತ್ತ ಮನುಷ್ಯನಿಂದ ದೇವರವರೆಗಿನ ಈ ದಾರಿ ಸೊಂಥೈಮರ್‌ಗೆ ಪ್ರಿಯವಾದ ವಿಷಯವಾಗಿತ್ತು.

1989ರಲ್ಲಿ ಹರ್ಮಾನ್ ಕುಲ್ಕೆ ಅವರ ಜೊತೆ ಸಂಪಾದಿಸಿದ ಇನ್ನೊಂದು ಗ್ರಂಥದಲ್ಲಿ ಅವರು ಹಿಂದೂ ಧರ್ಮವನ್ನು ಐದು ಅಂಶಗಳಾಗಿ ನೋಡಿದರು. ಬ್ರಾಹ್ಮಣರ ಕೆಲಸ ಹಾಗೂ ಬೋಧೆ, ಸಂನ್ಯಾಸ, ಬುಡಕಟ್ಟಿನ ಧರ್ಮ, ಜನಪದ ಧರ್ಮ, ಭಕ್ತಿ. ಯಾವುದೂ ಇನ್ನೊಂದರ ಕೆಟ್ಟ ನಕಲಲ್ಲ, ಐದೂ ಒಂದಕ್ಕೊಂದು ಕೊಟ್ಟು ತೆಗೆದುಕೊಂಡು ಬದುಕಿವೆ ಎನ್ನುವುದು ಅವರ ನಿಲುವು. ಜನಪದವನ್ನು ಕೆಳಗಿನ ಮೆಟ್ಟಿಲು ಅಂತ ನೋಡುವ ಅಭ್ಯಾಸವಿದ್ದವರಿಗೆ ಅದು ದೊಡ್ಡ ತಿದ್ದುಪಡಿ.

ಅವರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅವಸರ ಇಲ್ಲದಿರುವುದು. ಉದಾಹರಣೆಗೆ ಮ್ಹಸೋಬಾ ಮತ್ತು ಮ್ಹಸ್ಕೋಬಾ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ನನ್ನ ಪ್ರೋಗ್ರಾಮ್ ಆಗಿದ್ದರೆ ಕಣ್ಣುಮುಚ್ಚಿ ಒಂದು ಮಾಡುತ್ತಿತ್ತು. ಆದರೆ ಮ್ಹಸೋಬಾ ಕೋಣದ ಜೊತೆ ಹೆಣೆದುಕೊಂಡ, ಹೊಲದ ಬದುವಿನಲ್ಲಿ ಕುಂಕುಮ ಬಳಿದ ಕಲ್ಲಾಗಿ ನಿಂತ ದೇವರು. ಪುರಂದರ ತಾಲ್ಲೂಕಿನ ವೀರ್ ಎಂಬ ಊರಿನ ಮ್ಹಸ್ಕೋಬಾ ಸೋನಾರಿಯಿಂದ ಬಂದ ಕಾಲಭೈರವ ಎಂದು ಅವನ ಭಕ್ತರು ನಂಬುತ್ತಾರೆ. ಪ್ರತಿಯೊಬ್ಬನನ್ನೂ ಅವನ ಜಾಗ, ಜನ, ದಾರಿಯ ಸಮೇತ ನೋಡಿದ ಮೇಲೇ ಸೊಂಥೈಮರ್ ಮಾತಾಡುತ್ತಾರೆ.

ಇದು ಯಾಕೆ ಮುಖ್ಯ ಅಂದರೆ, ಒಂದೇ ಎನ್ನುವ ಮಾತು ನಮ್ಮ ಗಡಿಯಲ್ಲಿ ಬೇಗ ನಮ್ಮದೇ ಆಗಿಬಿಡುತ್ತದೆ. ಖಂಡೋಬಾ ಮೂಲದಲ್ಲಿ ಕನ್ನಡದವನು ಅಂತ ನಾವು ಎದೆಯುಬ್ಬಿಸುತ್ತೇವೆ, ಅವರು ಇನ್ನೇನೋ ಹೇಳುತ್ತಾರೆ. ನಾನೂ ಏಳುಕೋಟಿಯ ವಿಷಯ ಗೊತ್ತಾದ ದಿನ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನ ಮುಂದೆ ಸ್ವಲ್ಪ ಜಂಬ ಕೊಚ್ಚಿದೆ. ಅವನು ಸಿಟ್ಟಾಗಲಿಲ್ಲ. ತನ್ನ ಅಜ್ಜ ಕುರಿ ಹೊಡೆದುಕೊಂಡು ಹೋಗುವಾಗ ಕನ್ನಡವನ್ನೂ ಮಾತಾಡುತ್ತಿದ್ದ ಅಂದ, ಅಷ್ಟೇ. ನನ್ನ ಮಾತು ಅಲ್ಲಿಗೆ ನಿಂತಿತು. ನಾನು ಎರಡು ಪಟ್ಟಿಗಳ ಜಗಳ ಅಂದುಕೊಂಡಿದ್ದೆ. ಎರಡೂ ಪಟ್ಟಿಯನ್ನು ಬಾಯಲ್ಲಿ ಇಟ್ಟುಕೊಂಡು ನಡೆದವನೊಬ್ಬ ಅವನ ಮನೆಯಲ್ಲೇ ಇದ್ದ.

ಸೊಂಥೈಮರ್ ಪಂಢರಪುರದ ವಾರಿಯ ಮೇಲೆ ಚಿತ್ರವನ್ನೂ ಮಾಡಿದರು. ಮಾಡುವುದು ಇನ್ನೂ ಬಹಳ ಇತ್ತು. 1992ರಲ್ಲಿ, ಅರವತ್ತು ತುಂಬುವ ಮೊದಲೇ, ತೀರಿಕೊಂಡರು. ಖಂಡೋಬಾ ಕುರಿತ ಅವರ ಪ್ರಬಂಧಗಳನ್ನು ಗೆಳೆಯರು, ಶಿಷ್ಯರು ಸೇರಿ 1997ರಲ್ಲಿ ಪುಸ್ತಕವಾಗಿ ತಂದರು. ಟೇಪಿನಲ್ಲಿ ಉಳಿದಿದ್ದ ಬೀರೋಬಾ ಮತ್ತು ಧುಳೋಬಾರ ಓವಿಗಳನ್ನು ಆನ್ ಫೆಲ್ಡ್‌ಹೌಸ್, ರಾಮದಾಸ ಅಟಕರ, ರಾಜಾರಾಮ ಝಗಡೆ ಸೇರಿ ಸಂಪಾದಿಸಿದರು. ಅದು ಪ್ರಕಟವಾದದ್ದು 2014ರಲ್ಲಿ, ಅಂದರೆ ಅವರು ಸತ್ತು ಇಪ್ಪತ್ತೆರಡು ವರ್ಷದ ಮೇಲೆ. ಆ ಟೇಪುಗಳು ಇಲ್ಲದಿದ್ದರೆ ಆ ಹಾಡುಗಾರರ ದನಿ ಎಂದೋ ಗಾಳಿಗೆ ಹೋಗಿರುತ್ತಿತ್ತು.

ಇಷ್ಟೆಲ್ಲ ಓದಿ ಅವ್ವನಿಗೆ ಒಂದು ಗಂಟೆ ವಿವರಿಸಿದೆ. ಅವಳು ತೊಗರಿಬೇಳೆ ಆರಿಸುತ್ತ ಕೇಳಿದಳು. ಪುಸ್ತಕದ ವಿಷಯಕ್ಕೆ ಹೂಂ ಅಂದಳು, ಇಬ್ಬರು ಹೆಂಡಂದಿರ ವಿಷಯಕ್ಕೆ ನಕ್ಕಳು. ಕೊನೆಗೆ, ಹೋಗಿ ನೋಡೋಣ ನಡಿ ತಮ್ಮಾ ಅಂದಳು.

ಚಂಪಾಷಷ್ಠಿಯ ಗದ್ದಲಕ್ಕೆ ಮೊದಲೇ ಒಂದು ಬುಧವಾರ ಹೋದೆವು. ಕೆಳಗಿನಿಂದ ಗುಡಿಯವರೆಗೆ ಮೆಟ್ಟಿಲುಗಳು, ಉದ್ದಕ್ಕೂ ಕಲ್ಲಿನ ದೀಪಮಾಲೆಗಳು, ಎಲ್ಲದರ ಮೇಲೂ ಅರಿಶಿನ. ಅವ್ವನಿಗೆ ಡೋಲಿ ಮಾಡಿಸಿದೆ. ಅರ್ಧ ದಾರಿಯಲ್ಲಿ ಬಾಣಾಯಿಯ ಗುಡಿ. ಮೇಲೆ ಗಂಡನ ಪಕ್ಕ ಮ್ಹಾಳಸಾ, ಕೆಳಗೆ ಇವಳು. ಅವ್ವ ಡೋಲಿ ಇಳಿಸಲು ಹೇಳಿ ಕೈಮುಗಿದಳು. ಇವಳೇನಾ ಕುರುಬತೆವ್ವ ಅಂತ ಕೇಳಿದಳು. ಹೌದು ಅನ್ನಲೋ, ಅವಳಂಥವಳು ಅನ್ನಲೋ ಅಂತ ನಾನು ತಡವರಿಸುತ್ತಿದ್ದೆ. ಅಷ್ಟರಲ್ಲಿ ಅವಳು ಪಕ್ಕದಲ್ಲಿ ಕೂತಿದ್ದ ಧನಗರ ಮುದುಕಿಯ ಜೊತೆ ಮಾತಿಗಿಳಿದಿದ್ದಳು. ಇವಳ ಕನ್ನಡ, ಅವಳ ಮರಾಠಿ. ನಡುವೆ ಕುರಿ, ಕಂಬಳಿ, ಭಂಡಾರ, ಜವಳ. ನಮ್ಮ ಜವಳ ಅವರಿಗೂ ಜಾವಳ. ಮಗನ ತಲೆ ಸವರಿ ಆ ಮುದುಕಿ ಅವನ ಹಣೆಗೆ ಭಂಡಾರ ಹಚ್ಚಿದಳು.

ಮೇಲೆ ಹೋದೆವು. ದೊಡ್ಡ ಹಿತ್ತಾಳೆಯ ಆಮೆಯ ಹತ್ತಿರ ನಿಂತು ಅವ್ವ ಎರಡೂ ಕೈಯಿಂದ ಭಂಡಾರ ತೂರಿದಳು. ಸುತ್ತ ಎಲ್ಲರೂ ಯೆಳಕೋಟ ಅನ್ನುತ್ತಿದ್ದರು, ಇವಳು ಏಳುಕೋಟಿ ಅಂದಳು. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಮಗ ಅರಿಶಿನದ ಮೋಡದಲ್ಲಿ ಸೀನುತ್ತ ನಗುತ್ತಿದ್ದ. ಜವಳಕ್ಕೆ ಕ್ಷೌರಿಕನನ್ನು ಕರೆಯಲೇ ಅಂತ ಕೇಳಿದೆ. ಬೇಡ ಅಂದಳು.

ನನಗೆ ಸ್ವಲ್ಪ ಬೇಸರವಾಯಿತು. ಇನ್ನೂ ನಂಬಿಕೆ ಬರಲಿಲ್ಲವೇ ಅಂದೆ. ಅವ್ವ ಹೇಳಿದ್ದು ಇಷ್ಟು. ದೇವರು ಒಬ್ಬನೇ, ಅದರಲ್ಲಿ ಅನುಮಾನ ಇಲ್ಲ, ಮೆಟ್ಟಿಲ ಹತ್ತಿರವೇ ಗೊತ್ತಾಯಿತು. ಆದರೆ ನಾನು ಮಾತು ಕೊಟ್ಟಿದ್ದು ಆ ಗುಡ್ಡದಲ್ಲಿ ನಿಂತು. ಅಲ್ಲಿನ ಸಾಲ ಇಲ್ಲಿ ತೀರುವುದಿಲ್ಲ. ಜೇಜುರಿಗೆ ಬಂದಿದ್ದು ಅವನನ್ನು ನೋಡಲಿಕ್ಕೆ, ದೇವರಗುಡ್ಡಕ್ಕೆ ಹೋಗುವುದು ಮಾತು ಉಳಿಸಿಕೊಳ್ಳಲಿಕ್ಕೆ.

ಇಳಿಯುವಾಗ ಅದನ್ನೇ ಯೋಚಿಸುತ್ತಿದ್ದೆ. ನಮ್ಮ ಕೆಲಸದಲ್ಲಿ ಎರಡು ಪದ ಸಮ ಎಂದು ಒಮ್ಮೆ ಬರೆದರೆ ಒಂದರ ಬಗ್ಗೆ ಹೇಳಿದ್ದೆಲ್ಲ ಇನ್ನೊಂದಕ್ಕೂ ಅನ್ವಯಿಸಿಬಿಡುತ್ತದೆ. ಅದಕ್ಕೇ ಪೂರ್ತಿ ಸಮ, ಹತ್ತಿರದ್ದು, ಸಂಬಂಧಿಸಿದ್ದು ಅಂತ ಬೇರೆಬೇರೆ ಗುರುತುಗಳಿವೆ. ಅವಸರದಲ್ಲಿ ನಾವು ಮೊದಲನೆಯದನ್ನೇ ಹಾಕಿಬಿಡುತ್ತೇವೆ. ದೇವರಗುಡ್ಡದಲ್ಲಿ ಮಹಾನವಮಿಗೆ ಗೊರವಪ್ಪ ಬಿಲ್ಲೇರಿ ಕಾರಣಿಕ ನುಡಿಯುತ್ತಾನೆ, ವರ್ಷದ ಮಳೆ ಬೆಳೆಯ ಗುಟ್ಟನ್ನು ರೈತರು ಆ ಒಂದು ಮಾತಿನಲ್ಲಿ ಹುಡುಕುತ್ತಾರೆ. ಜೇಜುರಿಯಲ್ಲಿ ದಸರೆಗೆ ಭಾರೀ ಖಡ್ಗ ಎತ್ತುವ ಪಂದ್ಯ. ಎರಡನ್ನೂ ಒಂದೇ ಸಾಲಿಗೆ ಒತ್ತಿಬಿಟ್ಟರೆ ಕಾರಣಿಕವೂ ಹೋಯಿತು, ಖಡ್ಗವೂ ಹೋಯಿತು. ಸೊಂಥೈಮರ್ ಮೂರು ದೇವರ ನಡುವಿನ ದಾರಿ ತೋರಿಸಿದರು, ಆದರೆ ಮೂರು ಗುಡಿಗಳ ಬಾಗಿಲು ಮುಚ್ಚಲಿಲ್ಲ. ಅವರ ಪುಸ್ತಕ ಓದಿಯೂ ನನಗೆ ಹೊಳೆಯದಿದ್ದ ಈ ಮಾತು ಅವ್ವನಿಂದ ತಿಳಿಯಿತು.

ಮುಡಿಪಿನ ನಾಣ್ಯ ಮತ್ತೆ ಅವ್ವನ ಟ್ರಂಕಿಗೆ ಹೋಗಿದೆ. ಬರುವ ಮಹಾನವಮಿಗೆ ರಜೆ ಹಾಕಿದ್ದೇನೆ. ಅಲ್ಲಿಯವರೆಗೆ ಮಗನ ಕೂದಲಿಗೆ ರಬ್ಬರ್ ಬ್ಯಾಂಡ್, ಬಿಲ್ಡಿಂಗಿನವರೆಲ್ಲ ಅವನನ್ನು ಹುಡುಗಿ ಅಂದುಕೊಂಡಿದ್ದಾರೆ. ಪುಣೆಯಲ್ಲಿರುವ ಕನ್ನಡಿಗರು ಒಮ್ಮೆ ಜೇಜುರಿಗೆ ಹೋಗಿಬನ್ನಿ, ಅರ್ಧ ದಾರಿಯ ಬಾಣಾಯಿಯ ಗುಡಿ ದಾಟಿ ಓಡಬೇಡಿ. ಅಲ್ಲಿ ಕೂತ ಕುರಿಗಾರರ ಜೊತೆ ನಿಧಾನ ಕನ್ನಡದಲ್ಲಿ ನಾಲ್ಕು ಮಾತಾಡಿ ನೋಡಿ.